ತುಮಕೂರಿಗೆ ಇಪ್ಪತ್ತು ನಿಮಿಷಕ್ಕೊಂದು ರೈಲು ಕೊಡಿ



ಮಾದಾವರದಿಂದ ತುಮಕೂರಿಗೆ ಮೆಟ್ರೊ ಬರುತ್ತದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮೂರಿನಲ್ಲಿ ಹಬ್ಬದ ಸಡಗರ. 2024–25ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಸಾಧ್ಯತಾ ಅಧ್ಯಯನದ ಘೋಷಣೆಯಾಯಿತು. ಈಗ ಮಾತು ವಿಸ್ತೃತ ಯೋಜನಾ ವರದಿಯವರೆಗೆ ಬಂದಿದೆ. ಹದಿನಾಲ್ಕು ವರ್ಷಗಳಿಂದ ರೈಲಿನ ಪಾಸು ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿಬರುವ ನನಗೆ ಈ ಸಡಗರದಲ್ಲಿ ಸೇರಲು ಮನಸ್ಸು ಒಪ್ಪುತ್ತಿಲ್ಲ. ಇಷ್ಟು ದೂರಕ್ಕೆ ಮೆಟ್ರೊ ತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಹೇಳಲೆಂದೇ ಈ ಪತ್ರ.

ಲೆಕ್ಕ ಕಷ್ಟದ್ದೇನಲ್ಲ. ಮೆಟ್ರೊ ನಿಂತು ನಿಂತು ಹೋಗುವುದರಿಂದ ಅದರ ಸರಾಸರಿ ವೇಗ ಗಂಟೆಗೆ 35 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಮಾದಾವರದಿಂದ ತುಮಕೂರಿಗೆ 50 ಕಿ.ಮೀ.ಗೂ ಹೆಚ್ಚು ದೂರ, ನಡುವೆ 25ರಷ್ಟು ನಿಲ್ದಾಣಗಳ ಪ್ರಸ್ತಾವ. ಮಾದಾವರ ಮುಟ್ಟುವುದಕ್ಕೇ ಒಂದೂವರೆ ಗಂಟೆ ಬೇಕು. ಅಲ್ಲಿಂದ ಮೆಜೆಸ್ಟಿಕ್‌ಗೆ ಇನ್ನೂ ಅರ್ಧ ಗಂಟೆಯ ಮೇಲೆ. ಅಷ್ಟು ಹೊತ್ತು ಬಹುಪಾಲು ಜನ ನಿಂತೇ ಹೋಗಬೇಕು, ಬೋಗಿಯಲ್ಲಿ ಶೌಚಾಲಯವೂ ಇರುವುದಿಲ್ಲ. ಇವತ್ತಿನ ಎಕ್ಸ್‌ಪ್ರೆಸ್ ರೈಲು ತುಮಕೂರಿನಿಂದ ಯಶವಂತಪುರಕ್ಕೆ ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಇಪ್ಪತ್ತು ಸಾವಿರ ಕೋಟಿ ರೂಪಾಯಿಯಷ್ಟು ಖರ್ಚಿನ ಅಂದಾಜು ಪತ್ರಿಕೆಗಳಲ್ಲಿ ಬಂದಿದೆ. ಅಷ್ಟು ಸುರಿದು ಈಗಿರುವುದಕ್ಕಿಂತ ನಿಧಾನದ ಪ್ರಯಾಣ ಕೊಂಡುಕೊಳ್ಳುವುದು ಯಾವ ನ್ಯಾಯ?

ನಮ್ಮ ಬೋಗಿಯ ಒಂದು ಬೆಳಗ್ಗೆಯ ಬಗ್ಗೆ ಹೇಳುತ್ತೇನೆ. ತುಮಕೂರಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದವರು ಕೂರುತ್ತಾರೆ; ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿರೇಹಳ್ಳಿಯಲ್ಲಿ ಹತ್ತುವ ಒಬ್ಬ ಹೆಣ್ಣುಮಗಳಿದ್ದಾರೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬಾಗಿಲ ಪಕ್ಕದಲ್ಲಿ ಹಳೇ ಪೇಪರು ಹಾಸಿ, ಊಟದ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮುಖವನ್ನು ಸೆರಗಿನಲ್ಲಿ ಮುಚ್ಚಿ ನಿದ್ದೆಹೋಗುತ್ತಾರೆ. ಯಶವಂತಪುರದಲ್ಲಿ ಇಳಿದು, ಮೆಟ್ರೊ ಹಿಡಿದು, ಬಂದ ದಿಕ್ಕಿಗೇ ವಾಪಸು ಪೀಣ್ಯಕ್ಕೆ ಹೋಗುತ್ತಾರೆ. ಶಕ್ತಿ ಯೋಜನೆಯ ಬಸ್ಸಿದೆಯಲ್ಲಮ್ಮ ಎಂದು ಒಮ್ಮೆ ಕೇಳಿದ್ದೆ. ‘ಬಸ್ಸಿಗೆ ದುಡ್ಡೇನೂ ಇಲ್ಲಣ್ಣ. ಆದ್ರೆ ನೆಲಮಂಗಲ ದಾಟೋದು ಎಷ್ಟೊತ್ತಿಗೋ ಗೊತ್ತಾಗಲ್ಲ. ಲೇಟಾದ್ರೆ ಅರ್ಧ ದಿನದ ಸಂಬಳ ಹಿಡ್ಕೊಳ್ತಾರೆ’ ಎಂದರು.

ಮೆಟ್ರೊ ಬಂದರೆ ಇವರಿಗೆ ಪೀಣ್ಯ ನೇರವಾಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ದರ? 2025ರ ಫೆಬ್ರುವರಿಯಲ್ಲಿ ಏರಿಸಿದಾಗ ಮೆಟ್ರೊದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಅದು ನಗರದೊಳಗಿನ ದೂರಕ್ಕೆ. ಇನ್ನು 50 ಕಿ.ಮೀ. ಆಚೆಯಿಂದ ಬರುವವರಿಗೆ, ಅದೂ ಬಜೆಟ್‌ನಲ್ಲಿ ಹೇಳಿದಂತೆ ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿದ ದಾರಿಯಲ್ಲಿ, ಎಷ್ಟು ಹಾಕುತ್ತಾರೆ? ರೈಲಿನ ತಿಂಗಳ ಪಾಸು ನಂಬಿಕೊಂಡು ಕೆಲಸ ಹಿಡಿದವರಿಗೆ ಆ ಟಿಕೆಟ್ ಕೈಗೆಟುಕುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಜೋಡಿ ಹಳಿ ಇದೆ, ವಿದ್ಯುತ್ ತಂತಿ ಇದೆ, 2024ರಲ್ಲಿ ತುಮಕೂರು–ಯಶವಂತಪುರ ಮೆಮು ರೈಲೂ ಶುರುವಾಯಿತು. ಕೊರತೆಯಿರುವುದು ಹಳಿಯಲ್ಲಿ ಜಾಗಕ್ಕೆ. ಹುಬ್ಬಳ್ಳಿ, ಶಿವಮೊಗ್ಗ ಕಡೆಯ ದೂರದ ರೈಲುಗಳು, ಗೂಡ್ಸ್‌ಗಳು, ನಾವು, ಎಲ್ಲರಿಗೂ ಇರುವುದು ಅವೇ ಎರಡು ಹಳಿ. ರಾಯದುರ್ಗ ಮತ್ತು ದಾವಣಗೆರೆಯಿಂದ ಬರಲಿರುವ ಹೊಸ ಮಾರ್ಗಗಳು ತುಮಕೂರಿಗೆ ಕೂಡಿಕೊಂಡ ಮೇಲೆ ಒತ್ತಡ ಇನ್ನೂ ಏರುತ್ತದೆ. ಆದ್ದರಿಂದ ಮೊದಲು ಬೇಕಾದದ್ದು ಸ್ವಯಂಚಾಲಿತ ಸಿಗ್ನಲ್: ಒಂದು ರೈಲು ಮುಂದಿನ ಸ್ಟೇಷನ್ ತಲುಪುವ ತನಕ ಹಿಂದಿನದು ಕಾಯಬೇಕಾಗಿಲ್ಲ. ಆಮೇಲೆ ಮೂರನೇ, ನಾಲ್ಕನೇ ಹಳಿ. ಇವೆರಡಾದರೆ ಬೆಳಗ್ಗೆ–ಸಂಜೆ ಇಪ್ಪತ್ತು ನಿಮಿಷಕ್ಕೊಂದು ಮೆಮು ಓಡಿಸಬಹುದು.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ಕೊಂಡಿಯೂ ಇದೆ. ಬೆಂಗಳೂರು ಉಪನಗರ ರೈಲು ಯೋಜನೆಯ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಹೊರಟು 25 ಕಿ.ಮೀ. ಬಂದು ಚಿಕ್ಕಬಾಣಾವರದಲ್ಲಿ ನಿಲ್ಲುತ್ತದೆ. ಚಿಕ್ಕಬಾಣಾವರ ನಮ್ಮ ತುಮಕೂರು ಮಾರ್ಗದ ಮೇಲೆಯೇ ಇದೆ. ಎರಡೂ ಬ್ರಾಡ್‌ಗೇಜ್. ಮೆಟ್ರೊದ್ದು ಬೇರೆ ಅಳತೆಯ ಹಳಿ, ಯಾವ ಕಾಲಕ್ಕೂ ಅದರ ಬೋಗಿ ಇದರ ಮೇಲೆ ಓಡುವಂತಿಲ್ಲ. ಇಂಥ ಅನುಕೂಲ ಕಣ್ಣೆದುರಿಗಿದ್ದರೂ ಉಪನಗರ ರೈಲಿನ ಗತಿ ನೋಡಿದರೆ ಹೊಟ್ಟೆ ಉರಿಯುತ್ತದೆ. 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ, 2022ರ ಜೂನ್‌ನಲ್ಲಿ ಪ್ರಧಾನಿಯವರಿಂದ ಶಂಕುಸ್ಥಾಪನೆ, 40 ತಿಂಗಳಲ್ಲಿ ಮುಗಿಸುವ ಭರವಸೆ. ಆ 40 ತಿಂಗಳು 2025ರ ಅಕ್ಟೋಬರ್‌ಗೇ ಮುಗಿದವು. ನಾಲ್ಕು ಮಾರ್ಗಗಳ 148 ಕಿ.ಮೀ.ಯಲ್ಲಿ ಒಂದು ರೈಲೂ ಓಡಲಿಲ್ಲ. ಕೈಗೆತ್ತಿಕೊಂಡದ್ದನ್ನು ಮುಗಿಸದೆ ಹೊಸದರ ಆಸೆ ಹುಟ್ಟಿಸಬೇಡಿ.

ವೇಗವೇ ಬೇಕೆಂದರೆ ದೆಹಲಿ–ಮೀರತ್ ನಮೋ ಭಾರತ್ ರೈಲು ನೋಡಿ. 82 ಕಿ.ಮೀ. ಮಾರ್ಗ, ಗಂಟೆಗೆ 160 ಕಿ.ಮೀ. ವೇಗದಲ್ಲಿ ಓಡುವ ರೈಲು, ದೂರ ದೂರ ನಿಲ್ದಾಣ. 30 ಸಾವಿರ ಕೋಟಿ ರೂಪಾಯಿ ಮೀರಿದ ಯೋಜನೆ ಅದು, ಅಗ್ಗದ್ದಲ್ಲ. ಆದರೆ ಎರಡು ಊರುಗಳ ನಡುವಿನ ಪ್ರಯಾಣಕ್ಕೆಂದೇ ಕಟ್ಟಿದ್ದು.

ಮೆಟ್ರೊ ನೆಲಮಂಗಲದವರೆಗೆ ಬರಲಿ, ನನ್ನ ತಕರಾರಿಲ್ಲ. ತುಮಕೂರಿನ ರೈಲು ಮಾರ್ಗ ನೆಲಮಂಗಲ ಪೇಟೆಯನ್ನು ಮುಟ್ಟುವುದೇ ಇಲ್ಲ. ಅಲ್ಲಿನ ಸ್ಟೇಷನ್ ಇರುವುದು ಹಾಸನದ ಮಾರ್ಗದಲ್ಲಿ. ಆ ಜನ ಹೆದ್ದಾರಿಯನ್ನೇ ನಂಬಿದ್ದಾರೆ, ಬೆಂಗಳೂರು ಅಲ್ಲಿಯವರೆಗೆ ಬೆಳೆದೂ ಆಗಿದೆ. ಅಲ್ಲಿಂದಾಚೆಯ ಹಣವನ್ನು ಹಳಿಗೆ ಹಾಕಿ. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣನವರು ನಮ್ಮದೇ ಕ್ಷೇತ್ರದ ಸಂಸದರು. ಮೆಟ್ರೊ ರಾಜ್ಯದ್ದು, ರೈಲು ಕೇಂದ್ರದ್ದು ಎಂಬ ಹಗ್ಗಜಗ್ಗಾಟ ಬಿಟ್ಟು ಇಬ್ಬರೂ ಒಂದೇ ಮೇಜಿಗೆ ಕೂರಲು ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ.

ಯೋಜನಾ ವರದಿ ಅಂತಿಮವಾಗುವ ಮೊದಲು ಮೆಟ್ರೊ, ನಾಲ್ಕು ಹಳಿಯ ರೈಲು, ಉಪನಗರ ರೈಲಿನ ವಿಸ್ತರಣೆ ಈ ಮೂರರ ಖರ್ಚು, ಪ್ರಯಾಣದ ಸಮಯ ಮತ್ತು ಟಿಕೆಟ್ ದರವನ್ನು ಪಕ್ಕಪಕ್ಕದಲ್ಲಿಟ್ಟು ಕನ್ನಡದಲ್ಲಿ ಪ್ರಕಟಿಸಬೇಕು. ಸಾರ್ವಜನಿಕ ಅಹವಾಲು ಸಭೆಯನ್ನು ತುಮಕೂರಿನಲ್ಲಿಯೇ ಕರೆಯಬೇಕು, ಡಾಬಸ್‌ಪೇಟೆಯಲ್ಲೂ ಒಂದು. ದಯವಿಟ್ಟು ಅದನ್ನು ಭಾನುವಾರ ಇಡಿ. ವಾರದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ, ಮಾತಾಡಬೇಕಾದವರೆಲ್ಲ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾರೆ.

ಇಂತಿ,
ಒಬ್ಬ ದಿನನಿತ್ಯದ ಪ್ರಯಾಣಿಕ
ತುಮಕೂರು