ಮೇಜಿನ ಮೇಲಣ ಕುರುಕ್ಷೇತ್ರ

1913ರಲ್ಲಿ ಇಂಗ್ಲೆಂಡಿನಲ್ಲಿ ಒಂದು ವಿನೋದದ ಪುಸ್ತಕ ಹೊರಬಂದಿತು. ಅದರ ಹೆಸರು ‘ಲಿಟಲ್ ವಾರ್ಸ್’, ಎಂದರೆ ಪುಟ್ಟ ಯುದ್ಧಗಳು. ಬರೆದವರು ಬೇರೆ ಯಾರೂ ಅಲ್ಲ. ಕಾಲಯಂತ್ರದ ಕಥೆಯಿಂದಲೂ ಮಂಗಳಗ್ರಹದವರ ದಾಳಿಯ ಕಥೆಯಿಂದಲೂ ಜಗತ್ಪ್ರಸಿದ್ಧರಾಗಿದ್ದ ಎಚ್. ಜಿ. ವೆಲ್ಸ್. ನಲವತ್ತೈದು ದಾಟಿದ್ದ ಆ ಗೃಹಸ್ಥರು ನೆಲಕ್ಕೆ ಮಂಡಿಯೂರಿ, ಆಟದ ಫಿರಂಗಿಯಿಂದ ಸೀಸದ ಸಿಪಾಯಿಗಳಿಗೆ ಗುರಿಯಿಡುತ್ತಿದ್ದರು. ನೋಡಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. ವೆಲ್ಸರಿಗೆ ಮಾತ್ರ ಅದು ಬರಿಯ ಹುಡುಗಾಟವಾಗಿರಲಿಲ್ಲ.

ವಿಶ್ವಕೋಶದ ಸಂಪುಟಗಳನ್ನೂ ಮರದ ಇಟ್ಟಿಗೆಗಳನ್ನೂ ಜೋಡಿಸಿದರೆ ಬೆಟ್ಟವೂ ಊರೂ ಸಿದ್ಧ. ನಡುವೆ ಒಂದು ತೆರೆಯನ್ನೆಳೆದು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಇಬ್ಬರೂ ತಮ್ಮ ತಮ್ಮ ದಂಡನ್ನು ಹೂಡಬೇಕು. ತೆರೆ ಸರಿದೊಡನೆ ಯುದ್ಧಾರಂಭ. ಒಂದು ಸರದಿಗೆ ಪದಾತಿಯು ಒಂದು ಅಡಿ, ರಾವುತನು ಎರಡು ಅಡಿ ಮುಂದುವರಿಯಬಹುದು. ಫಿರಂಗಿಯ ಆರು ಅಂಗುಲದೊಳಗೆ ಸ್ವಪಕ್ಷದ ನಾಲ್ವರಾದರೂ ಇಲ್ಲದಿದ್ದರೆ ಅದು ಗುಂಡು ಹಾರಿಸುವಂತಿಲ್ಲ. ಅದರ ಗುಂಡಾದರೂ ಏನು? ಒಂದಂಗುಲ ಉದ್ದದ ಮರದ ತುಂಡು. ಅದು ತಾಗಿ ಉರುಳಿದವನು ಸತ್ತಂತೆ.

ಈ ಆಟದ ವಂಶವನ್ನು ಹುಡುಕುತ್ತ ಹೋದರೆ ದಾರಿಯು ಭಾರತಕ್ಕೇ ಬಂದು ಮುಟ್ಟುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಚತುರಂಗವು ಪಾರಸೀಕರ, ಅರಬರ ಕೈದಾಟಿ ಯೂರೋಪನ್ನು ಸೇರಿತು. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ಎಂಬಲ್ಲಿ ಹೆಲ್ವಿಗ್ ಎಂಬ ಅಧ್ಯಾಪಕನು ಅದನ್ನು ಹಿಗ್ಗಿಸಿ, ಸಾವಿರಕ್ಕೂ ಮಿಕ್ಕ ಮನೆಗಳ ಹಾಸಿನ ಮೇಲೆ ಬೆಟ್ಟ, ಹೊಳೆ, ಊರುಗಳನ್ನು ಬಿಡಿಸಿ ಯುದ್ಧದ ಆಟವನ್ನು ಕಟ್ಟಿದನು. 1812ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬಾತನು ಅಂಥದೇ ಒಂದು ಮೇಜನ್ನು ತನ್ನ ಅರಸನಿಗೆ ಒಪ್ಪಿಸಿದನು. 1824ರಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗನು ಚೌಕದ ಮನೆಗಳನ್ನು ತೊಡೆದುಹಾಕಿ, ನಿಜವಾದ ಭೂಪಟದ ಮೇಲೆಯೇ ಆಟವನ್ನು ಹೂಡಿದನು. ನಡುವೆ ಒಬ್ಬ ಮಧ್ಯಸ್ಥ. ಗುಂಡಿನ ಫಲವನ್ನು ಹೇಳಲು ದಾಳ. ಶತ್ರುವಿನ ದಂಡು ಕಣ್ಣಿಗೆ ಬೀಳುವಷ್ಟು ಹತ್ತಿರ ಬರುವವರೆಗೆ ಮಧ್ಯಸ್ಥನು ಅದನ್ನು ತೋರಿಸುತ್ತಿರಲಿಲ್ಲ. ಪ್ರಷ್ಯದ ಸೇನಾಪತಿಗಳು ಇದನ್ನು ಮೆಚ್ಚಿ ಸೇನೆಗೆಲ್ಲ ಹಂಚಿಸಿದರು. 1866ರಲ್ಲಿ ಆಸ್ಟ್ರಿಯವನ್ನೂ 1870-71ರಲ್ಲಿ ಫ್ರಾನ್ಸನ್ನೂ ಪ್ರಷ್ಯ ಗೆದ್ದ ಮೇಲೆ ಇತರ ದೇಶಗಳೂ ಆ ಆಟವನ್ನು ಕಲಿಯತೊಡಗಿದವು. ಅಲ್ಲಿ ಆಟವು ಯುದ್ಧದ ಪಾಠಶಾಲೆಯಾಯಿತು.

ವೆಲ್ಸರು ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಯುದ್ಧದ ಹುಚ್ಚಿರುವವರೆಲ್ಲ ಒಂದು ಕೋಣೆಯಲ್ಲಿ ಕುಳಿತು ಗೊಂಬೆಗಳೊಡನೆ ಕಾದಲಿ. ಹೊಲಗಳು ತುಳಿತಕ್ಕೊಳಗಾಗವು, ಮನೆಗಳು ಉರಿಯವು. ಮೂರು ನಾಲ್ಕು ಸಲ ಈ ಆಟವಾಡಿದವನಿಗೆ ನಿಜವಾದ ಯುದ್ಧವು ಎಂಥ ಗೊಂದಲದ ವಿಷಯವೆಂಬುದು ತಾನಾಗಿ ಮನದಟ್ಟಾಗುತ್ತದೆ. ಇದು ಅವರ ವಾದದ ತಿರುಳು.

ವೆಲ್ಸರ ಆ ಪುಟ್ಟ ಯುದ್ಧವು ಇಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ, ಈಗ ನಾಟಿಂಗ್‌ಹ್ಯಾಮಿನಲ್ಲಿ ನೆಲಸಿರುವ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯು 1983ರಲ್ಲಿ ‘ವಾರ್‌ಹ್ಯಾಮರ್’ ಆಟವನ್ನೂ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬುದನ್ನೂ ಹೊರತಂದಿತು. ಎರಡನೆಯದರ ಕಥೆ ನಡೆಯುವುದು ಬಹುದೂರದ ಭವಿಷ್ಯದ ನಕ್ಷತ್ರಲೋಕಗಳಲ್ಲಿ. ಆಡುವವನು ಮೊದಲು ಒಂದು ಪಕ್ಷವನ್ನು ಆರಿಸಿಕೊಳ್ಳಬೇಕು. ಸ್ಪೇಸ್ ಮರೀನರು ವಜ್ರಕವಚದ ವೀರರು; ಸಂಖ್ಯೆಯಲ್ಲಿ ಅಲ್ಪ. ಟಿರನಿಡ್‌ಗಳು ಮಿಡತೆಯ ಹಿಂಡಿನಂತೆ ಬಂದು ಲೋಕಗಳನ್ನೇ ಕಬಳಿಸುವ ಜೀವಿಗಳು. ಆರ್ಕ್‌ಗಳು ಜಗಳವನ್ನೇ ಹಬ್ಬವೆಂದು ಬಗೆದ ಹಸಿರು ದೈತ್ಯರು. ಏಲ್ಡಾರಿಗಳು ಚುರುಕಿನವರು, ಆದರೆ ಏಟು ತಾಳಲಾರದವರು. ಅಳಿವಿನಂಚಿನಲ್ಲಿರುವ ಪುರಾತನ ಜನಾಂಗ.

ಪಕ್ಷವನ್ನು ಆರಿಸಿದ ಮೇಲೆ ದಂಡು ಕಟ್ಟುವ ಕೆಲಸ. ಪ್ರತಿಯೊಂದು ತುಕಡಿಗೂ ಅದರ ಶಕ್ತಿಗೆ ತಕ್ಕಂತೆ ಇಂತಿಷ್ಟು ಪಾಯಿಂಟು ಎಂಬ ಬೆಲೆಯುಂಟು. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಂದೊಂದು ಪಕ್ಷಕ್ಕೆ 2,000 ಪಾಯಿಂಟಿನ ಮಿತಿ. ಲೆಕ್ಕಕ್ಕಾಗಿ, ಕವಚಧಾರಿಯ ಬೆಲೆ 20, ಹಿಂಡಿನ ಜೀವಿಯ ಬೆಲೆ 5 ಎಂದಿಟ್ಟುಕೊಂಡರೆ, ಒಬ್ಬನ ಕಡೆ ನೂರು ವೀರರು, ಇನ್ನೊಬ್ಬನ ಕಡೆ ನಾಲ್ಕು ನೂರು ಜೀವಿಗಳು ನಿಲ್ಲುತ್ತವೆ. ಭಾರಿ ಟ್ಯಾಂಕೊಂದನ್ನು ತಂದವನು ಅದರ ಬೆಲೆಯಷ್ಟು ಕಾಲಾಳುಗಳನ್ನು ಬಿಡಲೇಬೇಕು. ಗೃಹಿಣಿಯು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವಂತೆಯೇ ಇದು. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಕಡಿಮೆ ಮಾಡದೆ ಗತಿಯಿಲ್ಲ. ಕೊಂಡುತಂದ ಗೊಂಬೆಗಳು ಬಿಡಿ ಭಾಗಗಳಾಗಿರುತ್ತವೆ. ಅಂಟಿನಿಂದ ಅವುಗಳನ್ನು ಜೋಡಿಸಿ, ಎರಡಂಗುಲಕ್ಕೂ ಕಿರಿದಾದ ಸಿಪಾಯಿಯ ಕಣ್ಣು, ಗುಂಡಿ, ಪಟ್ಟಿಗಳಿಗೆ ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚಬೇಕು. ಹಲವು ಸಂಜೆಗಳನ್ನು ಕಳೆದು ಮುಖವಿತ್ತ ಸಿಪಾಯಿಯನ್ನು ದಾಳದ ಒಂದು ಉರುಳಿಗೆ ಕಳೆದುಕೊಂಡಾಗ ಒಡೆಯನ ಮನಸ್ಸು ಚುರ್ ಎನ್ನುವುದು ಸಹಜ.

ಪಾಯಿಂಟಿನ ಈ ಲೆಕ್ಕದಲ್ಲಿ ಅಡಗಿರುವ ನ್ಯಾಯವನ್ನು ಗಮನಿಸಬೇಕು. ಬಲಿಷ್ಠನು ದುರ್ಬಲನ ಮೇಲೆ ಬೀಳುವಂತಿಲ್ಲ. ಇಬ್ಬರಿಗೂ ಒಂದೇ ತಕ್ಕಡಿ. ನಿಜವಾದ ಯುದ್ಧವು ಇಂಥ ತಕ್ಕಡಿಯನ್ನು ಹಿಡಿಯುವುದಿಲ್ಲ. ಪ್ರಬಲವಾದ ರಾಜ್ಯವು ಎದುರಾಳಿಗಿಂತ ಹೆಚ್ಚಿನ ಬಲವನ್ನು ಕೂಡಿಹಾಕಿಕೊಂಡೇ ರಣಕ್ಕೆ ಇಳಿಯಬಯಸುತ್ತದೆ.

ವೆಲ್ಸರ ಪುಸ್ತಕ ಬಂದ ಮರುವರ್ಷ, 1914ರ ಆಗಸ್ಟ್ ತಿಂಗಳಲ್ಲಿ, ಮಹಾಯುದ್ಧವು ಇಂಗ್ಲೆಂಡನ್ನು ಸೆಳೆದುಕೊಂಡಿತು. ಅವರ ಸಲಹೆಗೆ ಕಿವಿಗೊಟ್ಟ ದೊರೆಯಿಲ್ಲ, ಮಂತ್ರಿಯಿಲ್ಲ. ವಿಪರ್ಯಾಸವೆಂದರೆ, ಅದೇ ವೆಲ್ಸರು ಆ ಯುದ್ಧವನ್ನು ‘ಯುದ್ಧಗಳನ್ನು ಕೊನೆಗಾಣಿಸುವ ಯುದ್ಧ’ವೆಂದು ನಂಬಿ ಪುಸ್ತಕ ಬರೆದರು. ಎರಡನೆಯ ಮಹಾಯುದ್ಧವನ್ನೂ ಕಣ್ಣಾರೆ ಕಂಡು, 1946ರಲ್ಲಿ ತೀರಿಕೊಂಡರು.

ಹಾಗೆಂದು ಅವರ ಪುಟ್ಟ ಯುದ್ಧವು ವ್ಯರ್ಥವಾಯಿತೆನ್ನಲಾಗದು. ಇಂದಿಗೂ ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಒಂದೇ ಮೇಜಿನ ಸುತ್ತ ಬಾಗಿ, ಬಿದ್ದ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಎಣಿಸಿ, ಪೆಟ್ಟಿಗೆಗೆ ಸೇರಿಸುತ್ತಾರೆ. ಹೊರಟಷ್ಟು ಮಂದಿಯೂ ಮನೆಗೆ ಮರಳುವ ರಣರಂಗ ಅದೊಂದೇ.