ಪಹಣಿ ಹಿರಿಯರದು, ಓಟಿಪಿ ಯಾರದು?

ನಮ್ಮ ಕಡೆ ಊರುಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ವಯಸ್ಸಾದೋರಿಗೆ ಕಂಪ್ಯೂಟರ್ ಯಾಕ್ರೀ? ಮೊಮ್ಮಕ್ಳು ಅದಾವಲ್ಲ, ಅವೇ ನೋಡ್ಕಂತಾವೆ." ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಜಗಳೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಹೊಲ ಉಳುವವನು ಮಗ, ಪಹಣಿಯಲ್ಲಿರುವುದು ಅಪ್ಪನ ಇಲ್ಲವೆ ದೊಡ್ಡಪ್ಪನ ಹೆಸರು. ಚನ್ನಗಿರಿಯ ಅಡಿಕೆ ತೋಟದವರಿಗೂ, ಹೊನ್ನಾಳಿ, ನ್ಯಾಮತಿಯ ಭತ್ತ, ಮೆಕ್ಕೆಜೋಳದವರಿಗೂ ಇದೇ ಕಥೆ ಅಂತ ನಮ್ಮ ನೆಂಟರು ಹೇಳುತ್ತಾರೆ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರದೇ ಆಧಾರ್, ಅವರದೇ ಬ್ಯಾಂಕ್ ಖಾತೆ, ಅವರದೇ ಹೆಬ್ಬೆಟ್ಟು ಬೇಕು. ಕಿಸಾನ್ ಸಮ್ಮಾನ್‌ನ ವರ್ಷದ 6,000 ರೂಪಾಯಿ, ಬೆಳೆ ವಿಮೆ, ಬರ ಪರಿಹಾರ ಎಲ್ಲಾ ಅವರ ಹೆಸರಿಗೇ ಬರುವುದು. ಅಂದಮೇಲೆ ಆ ಲೆಕ್ಕ ಅವರ ಕಣ್ಣಿಗೆ ಬೀಳಬೇಡವೇ?

ಹಿಂದೆ ಪಹಣಿ ಗ್ರಾಮ ಲೆಕ್ಕಿಗರ ಚೀಲದಲ್ಲಿತ್ತು. ಅವರು ಸಿಕ್ಕ ದಿನ ಪಹಣಿ, ಸಿಗದ ದಿನ ಇಲ್ಲ. 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ಲೆಕ್ಕ ಕಂಪ್ಯೂಟರಿಗೆ ಏರಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದೊಡ್ಡ ಉಪಕಾರವೇ ಆಯಿತು. ಈಗ ಮನೆಯಲ್ಲಿ ಕೂತೇ ನೋಡಬಹುದು. ಆದರೆ ನೋಡುವವರು ಯಾರು? ಅಂದು ಲೆಕ್ಕಿಗರ ಚೀಲ ನಂಬಿದ್ದೆವು, ಇಂದು ಸೈಬರ್ ಅಂಗಡಿಯ ಹುಡುಗನನ್ನು ನಂಬುತ್ತೇವೆ. ಫರಕು ಅಷ್ಟೇ.

ನಮ್ಮ ದೊಡ್ಡಪ್ಪನಿಗೆ 78 ವರ್ಷ. ನಾಲ್ಕನೇ ಕ್ಲಾಸು ಓದಿದವರು, ಕನ್ನಡ ಓದುತ್ತಾರೆ. ಪೇಟೆಯ ಒಂದು ಸೇವಾ ಕೇಂದ್ರದಲ್ಲಿ ಅವರ ಅರ್ಜಿ ತುಂಬಿದವರು ಯಾರದೋ ಮೊಬೈಲ್ ನಂಬರು ಹಾಕಿದ್ದರು. ದುಡ್ಡು ಬಂದ ಸುದ್ದಿ, ಓಟಿಪಿ ಎಲ್ಲಾ ಆ ಯಾರದೋ ಫೋನಿಗೆ. ನಂಬರು ಸರಿ ಮಾಡಿಸಲು ಮೂರು ಸಲ ಅಲೆದರು. ಆಮೇಲೆ ಅವರೇ ನನ್ನ ಮಗಳಿಗೆ ಹೇಳಿದರು: "ಅವ್ವಾ, ನನ್ನ ಹೊಲದ ಲೆಕ್ಕ ನಾನೇ ನೋಡ್ಬೇಕು. ಅದೇನೈತೋ ಕಲಿಸು."

ಪಂಚಾಯ್ತಿ ಗ್ರಂಥಾಲಯದಲ್ಲಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ, ಒಂದು ಕಂಪ್ಯೂಟರ್ ಇದೆ. ಮಾಗಿ ಮುಗಿದು ಹೊಲದಲ್ಲಿ ಕೆಲಸ ಇಲ್ಲದ ಕಾಲ. ದಿನಕ್ಕೆ ಅರ್ಧ ತಾಸು ಕೂತರು. ಮೊದಲ ದಿನ ಮೌಸನ್ನು ನೇಗಿಲ ಮೇಳಿ ಹಿಡಿದ ಹಾಗೆ ಬಿಗಿಯಾಗಿ ಹಿಡಿದರು. ಬಾಣದ ಗುರುತು ಪರದೆಯ ಮೂಲೆಗೆ ಓಡಿತು. ನನ್ನ ಮಗಳು "ಕೊಡು ಅಜ್ಜ, ನಾನೇ ಒತ್ತುತೀನಿ" ಅಂತ ಕೈ ಹಾಕಿದಳು. ದೊಡ್ಡಪ್ಪ ಬಿಡಲಿಲ್ಲ. "ನೊಗ ಕಟ್ಟಿದ ಮ್ಯಾಲೆ ನೀನೇ ಎಳದ್ರೆ ಹೋರಿ ಕಲಿಯೋದು ಯಾವಾಗ?" ಅಂದರು.

ಮಾತಿನ ಸಾರ ಅಲ್ಲೇ ಇದೆ. ಹಿರಿಯರಿಗೆ ಕಲಿಯಲು ಬರುವುದಿಲ್ಲ ಅನ್ನುವುದಕ್ಕಿಂತ, ಕಲಿಸುವವರಿಗೆ ತಾಳ್ಮೆ ಇಲ್ಲ ಅನ್ನುವುದು ಸರಿ. ಕೂರಿಗೆ ಹಿಂದೆ ಬಟ್ಟಲಿಗೆ ಬೀಜ ಬಿಡುವುದನ್ನು ಇವರೇ ನಮಗೆ ಕಲಿಸಿದರು. ಸಾಲು ಸೊಟ್ಟ ಹೋದರೂ ಬಟ್ಟಲು ಕಿತ್ತುಕೊಳ್ಳಲಿಲ್ಲ.

ಕಲಿಸುವಾಗ ಅನುಕೂಲವಾದ ನಾಲ್ಕು ಮಾತು ಬರೆಯುತ್ತೇನೆ. ಒಂದು, ಅವರಿಗೆ ಗೊತ್ತಿರುವುದರಿಂದ ಶುರು ಮಾಡಿ. ದೊಡ್ಡಪ್ಪನಿಗೆ ಸರ್ವೆ ನಂಬರು, ಹಿಸ್ಸಾ ಬಾಯಿಪಾಠ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಅಂತ ಒಂದೊಂದೇ ಆರಿಸಿದಾಗ ತಮ್ಮ ಹೊಲವೇ ಪರದೆ ಮೇಲೆ ಬಂತು. ಆಮೇಲೆ ಯಾರೂ ಕರೆಯುವುದೇ ಬೇಕಾಗಲಿಲ್ಲ. ಎರಡು, ಅಕ್ಷರ ದೊಡ್ಡದು ಮಾಡಿ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಸಾಕು. ಮೌಸಿನ ಓಟವನ್ನೂ ನಿಧಾನ ಮಾಡಬಹುದು. ಮೂರು, ದಿನಕ್ಕೆ ಒಂದೇ ಕೆಲಸ. ಅದನ್ನು ಅವರದೇ ಕೈಬರಹದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸಿ. ನಾಲ್ಕು, ಕನ್ನಡದಲ್ಲಿ ಅವರ ಹೆಸರು ಬರೆಸಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ 'ಕ' ಇರುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ 'ಖ'. ಇಂಗ್ಲಿಷ್ ಬಾರದಿದ್ದರೂ ಜಾಗ ಗುರುತಿಟ್ಟುಕೊಂಡು ಒತ್ತಬಹುದು.

ಪಹಣಿಯಲ್ಲಿ ಏನು ನೋಡಬೇಕು ಅನ್ನುವುದನ್ನೂ ಜೊತೆಗೇ ಹೇಳಿಕೊಡಬೇಕು. 9ನೇ ಕಾಲಂನಲ್ಲಿ ಹೆಸರು, ವಿಸ್ತೀರ್ಣ. 11ರಲ್ಲಿ ಸಾಲ, ಋಣ. ತೀರಿಸಿದ ಸಾಲ ಅಲ್ಲಿಂದ ಹೋಗಿದೆಯೋ ಇಲ್ಲವೋ ನಾವೇ ನೋಡಬೇಕು. 12ರಲ್ಲಿ ಬೆಳೆ.

ಇದರ ಲಾಭ ಏನು ಅಂತೀರಾ? ಕಂಪ್ಯೂಟರಿನ ಹೆದರಿಕೆ ಹೋದ ಮೇಲೆ ಮಗಳು ಮೊಬೈಲಿನಲ್ಲಿ 'ಬೆಳೆ ದರ್ಶಕ' ತೋರಿಸಿದಳು. ಮುಂದಿನ ಮುಂಗಾರಿನಲ್ಲಿ ದೊಡ್ಡಪ್ಪ ತಾವೇ ತೆರೆದು ನೋಡಿದರು. ಹಾಕಿದ್ದು ಶೇಂಗಾ, ಸಮೀಕ್ಷೆಯಲ್ಲಿ ಬರೆದದ್ದು ಮೆಕ್ಕೆಜೋಳ! ವಿಮೆ ಕಟ್ಟಿದ್ದು ಶೇಂಗಾಕ್ಕೆ. ಸಮೀಕ್ಷೆಯ ಬೆಳೆಗೂ ವಿಮೆಯ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ಬರುವುದಿಲ್ಲ. ಅವಧಿ ಮುಗಿಯುವುದರೊಳಗೆ ಆಕ್ಷೇಪಣೆ ಹಾಕಿದರು, ಸರಿಯಾಯಿತು. 2020ರಿಂದ ರೈತರೇ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ಅವಕಾಶವೂ ಇದೆ. ಅದನ್ನು ಬಿಟ್ಟುಕೊಟ್ಟವರು ಕೊನೇಪಕ್ಷ ಬರೆದದ್ದನ್ನಾದರೂ ನೋಡಬೇಕು.

ಎಲ್ಲ ಹಿರಿಯರಿಗೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಕಣ್ಣಿಗೆ ಪೊರೆ ಬಂದವರು, ಕೈ ನಡುಗುವವರು, ಓದು ಬಾರದವರು ಇದ್ದಾರೆ. ಅವರ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಕೆಲಸ. ಕಳೆ ಕಿತ್ತು ಕಿತ್ತು ರೇಖೆ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ ಅಂತ ಎಷ್ಟೋ ಮುದುಕರು ವಾಪಸ್ ಬಂದದ್ದುಂಟು. 2023ರಲ್ಲಿ ಕಿಸಾನ್ ಸಮ್ಮಾನ್‌ಗೆ ಮುಖ ತೋರಿಸಿ ಗುರುತು ಕೊಡುವ ವ್ಯವಸ್ಥೆ ಬಂತು. ಮನಸ್ಸು ಮಾಡಿದರೆ ಯಂತ್ರವನ್ನೂ ರೈತನಿಗೆ ತಕ್ಕ ಹಾಗೆ ಬಗ್ಗಿಸಬಹುದು ಅನ್ನುವುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮಾತು. ಓಟಿಪಿ ಅಂದರೆ ಹಗೇವಿನ ಬಾಯಿ ಇದ್ದ ಹಾಗೆ. ಫೋನಿನಲ್ಲಿ ಕೇಳಿದವರಿಗೆಲ್ಲ ತೆಗೆದು ತೋರಿಸುವುದಲ್ಲ. ಮೋಸ ಹೋದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಅಂತ ಹಿರಿಯರ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿಡಿ.

ನನ್ನ ಸಲಹೆ ಇಷ್ಟೇ. ಸುಗ್ಗಿ ಮುಗಿದ ಮೇಲೆ ಪ್ರತಿ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ತಾಸು ಹಿರಿಯ ರೈತರಿಗೆ ಅಂತ ಮೀಸಲಿಡಲಿ. ಕಲಿಸಲು ಊರಿನ ಕಾಲೇಜು ಮಕ್ಕಳೇ ಸಾಕು. ಇದಕ್ಕೆ ಹೊಸ ಯೋಜನೆ, ಹೊಸ ದುಡ್ಡು ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಕೇಳಿದರೆ ಆಯಿತು.

– ಒಬ್ಬ ಮಳೆಯಾಶ್ರಿತ ರೈತ, ಜಗಳೂರು ತಾಲ್ಲೂಕು