ಹವ್ಯಾಸ ಹೇಳಿದ್ರಿ ಸರಿ, ಹೊಟ್ಟೆಪಾಡಿಗೆ ಏನು ಮಾಡ್ತೀರಿ?

ನಮ್ಮ ಕ್ಯಾಂಪಸ್ಸಲ್ಲಿ ಎಲ್ಲೂ ಬರೆದಿಡದ ಒಂದು ನಿಯಮ ಇದೆ. ಮೊದಲ ವರ್ಷ ಸಿಕ್ಕ ಕ್ಲಬ್ಬಿಗೆಲ್ಲ ಹೆಸರು ಕೊಡೋದು, ಎರಡನೇ ವರ್ಷ ಒಂದೆರಡರಲ್ಲಿ ಉಳಿಯೋದು, ಐದನೇ ಸೆಮ್ ಶುರುವಾದ ತಕ್ಷಣ ಅದನ್ನೂ ಬಿಟ್ಟು ಆಪ್ಟಿಟ್ಯೂಡ್ ಪುಸ್ತಕ ಹಿಡಿಯೋದು. ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಮಾಡೋಕೆ ಕರೆದರೆ ಸೀನಿಯರ್‌ಗಳು "ಪ್ಲೇಸ್‌ಮೆಂಟ್ ಒಂದು ಮುಗೀಲಿ ಕಣ್ರೋ" ಅಂತಾರೆ. ಪ್ಲೇಸ್‌ಮೆಂಟ್ ಮುಗಿದ ಮೇಲೆ ಪ್ರಾಜೆಕ್ಟು, ಪ್ರಾಜೆಕ್ಟ್ ಮುಗಿದ ಮೇಲೆ ಜಾಯ್ನಿಂಗು. ಅಲ್ಲಿಗೆ ನಾಟಕಕ್ಕೂ ಪರದೆ ಬಿತ್ತು. ಮುಂದಿನ ವರ್ಷ ಆ ಸೀನಿಯರ್‌ಗಳ ಜಾಗದಲ್ಲಿ ನಾವಿರ್ತೀವಿ.

ಕೆಲಸ ಮತ್ತು ಹವ್ಯಾಸ ಒಂದೇ ಬದುಕಲ್ಲಿ ಜೊತೆಗಿರೋಕೆ ಆಗಲ್ಲ ಅನ್ನೋ ನಂಬಿಕೆಯೇ ಈ ನಿಯಮದ ತಳಹದಿ. ನಮಗೆ ಅನ್ಸೋದು, ಈ ನಂಬಿಕೆ ಬಲವಾಗಿರೋದು ಅದಕ್ಕೆ ವಿರುದ್ಧವಾದ ಉದಾಹರಣೆಗಳು ನಮ್ಮ ಕಣ್ಣಿಗೆ ಬೀಳದೇ ಇರೋದ್ರಿಂದ. ಕ್ಲಬ್ಬಿನ ಕಾರ್ಯಕ್ರಮಕ್ಕೆ ಬರೋ ಫೋಟೋಗ್ರಾಫರ್ ಲೆನ್ಸಿನ ಬಗ್ಗೆ ಹೇಳ್ತಾರೆ. ಪಕ್ಷಿ ವೀಕ್ಷಕರು ಹಕ್ಕಿ ಬಗ್ಗೆ ಹೇಳ್ತಾರೆ. ಸೋಮವಾರ ಬೆಳಿಗ್ಗೆ ತಾವು ಯಾವ ಆಫೀಸಿಗೆ, ಯಾವ ಅಂಗಡಿಗೆ ಹೋಗ್ತೀವಿ ಅಂತ ಯಾರೂ ಹೇಳಲ್ಲ. ನಾವೂ ಕೇಳಲ್ಲ. ಹವ್ಯಾಸಿಗಳು ತಮ್ಮ ಹೊಟ್ಟೆಪಾಡಿನ ಕೆಲಸವನ್ನು ಬಾಯಿಬಿಟ್ಟು ಹೇಳಬೇಕು, ನಾವು ಸಂಕೋಚ ಬಿಟ್ಟು ಕೇಳಬೇಕು ಅನ್ನೋದು ನಮ್ಮ ವಾದ.

ಕನ್ನಡದಲ್ಲಿ ಇದಕ್ಕೊಂದು ರೆಡಿಮೇಡ್ ವಾಕ್ಯವೇ ಇದೆ: "ವೃತ್ತಿಯಲ್ಲಿ ಬ್ಯಾಂಕ್ ನೌಕರ, ಪ್ರವೃತ್ತಿಯಲ್ಲಿ ಕವಿ." ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಹಾಬಿ ಅಂದರೆ ರೆಸ್ಯೂಮೆಯ ಕೊನೇ ಸಾಲು, ಜಾಗ ಉಳಿದರೆ ತುಂಬೋ ವಿಷಯ. ಕನ್ನಡದ ಆ ವಾಕ್ಯದಲ್ಲಿ ಮಾತ್ರ ಎರಡಕ್ಕೂ ಸಮನಾದ ಜಾಗ. ನಾಟಕದಲ್ಲೂ ಅಷ್ಟೇ. ಕಂಪನಿ ನಾಟಕಗಳದ್ದು ವೃತ್ತಿ ರಂಗಭೂಮಿ, ಬೇರೆ ಕೆಲಸ ಇಟ್ಟುಕೊಂಡು ಸಂಜೆ ಹೊತ್ತು ನಾಟಕ ಮಾಡಿದವರದ್ದು ಹವ್ಯಾಸಿ ರಂಗಭೂಮಿ. ಎರಡನೆಯದು ಅರೆಬರೆ ಅಂತ ಯಾರೂ ಹೇಳಲ್ಲ. ನಿತ್ಯೋತ್ಸವದ ಕವಿ ನಿಸಾರ್ ಅಹಮದ್ ಕಾಲೇಜಿನಲ್ಲಿ ಪಾಠ ಮಾಡ್ತಿದ್ದದ್ದು ಭೂವಿಜ್ಞಾನ. ಮುಂಗಾರು ಮಳೆಗೆ ಹಾಡು ಬರೆದ ಜಯಂತ ಕಾಯ್ಕಿಣಿ ಜೀವರಸಾಯನಶಾಸ್ತ್ರ ಓದಿ, ಮುಂಬೈಯ ಔಷಧ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡೀತಾ ಕತೆ ಬರೆದವರು.

ಸಾಹಿತ್ಯದ ಮಾತು ಬೇರೆ ಅನ್ನೋರಿಗೆ ವಿಜ್ಞಾನದಿಂದ ಸಿ.ವಿ. ರಾಮನ್. 1907ರಲ್ಲಿ, ನಮಗಿಂತ ಚಿಕ್ಕ ವಯಸ್ಸಿನಲ್ಲಿ, ಅವರು ಕಲ್ಕತ್ತಾದಲ್ಲಿ ಸೇರಿದ್ದು ಸರ್ಕಾರದ ಲೆಕ್ಕಪತ್ರ ಇಲಾಖೆಗೆ, ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ. ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸ್ ಬಿಟ್ಟ ಮೇಲೆ ಬೌಬಜಾರ್ ರಸ್ತೆಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ಸುಮಾರು 10 ವರ್ಷ ಹೀಗೇ ನಡೀತು. 1917ರಲ್ಲಿ ಸಂಬಳ ಕಮ್ಮಿ ಆದರೂ ಪರವಾಗಿಲ್ಲ ಅಂತ ಪ್ರೊಫೆಸರ್ ಆದರು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ನಾವು ಫಿಸಿಕ್ಸ್‌ನಲ್ಲಿ 1928ರಿಂದ ಓದ್ತೀವಿ. ನಮಗೆ ಹೆಚ್ಚು ಉಪಯೋಗಕ್ಕೆ ಬರೋದು ಅದಕ್ಕಿಂತ ಹಿಂದಿನ ಆ 10 ವರ್ಷ.

ಕೋಡ್ ಬರೆಯೋರಿಗೆ ಇನ್ನೊಬ್ಬರು, ಆಸ್ಟ್ರೇಲಿಯಾದ ಕಾನ್ ಕೊಲಿವಾಸ್. ವೃತ್ತಿಯಲ್ಲಿ ಅರಿವಳಿಕೆ ಡಾಕ್ಟರ್, ಕಂಪ್ಯೂಟರ್ ಸೈನ್ಸ್ ಓದಿದವರಲ್ಲ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ತಡವರಿಸಬಾರದು ಅನ್ನೋ ಹಟಕ್ಕೆ ಬಿದ್ದು ಕರ್ನಲ್‌ನ ಶೆಡ್ಯೂಲರ್‌ಗೇ ಕೈ ಹಾಕಿದರು. 2007ರಲ್ಲಿ ಇಂಗೋ ಮೋಲ್ನಾರ್ ಬರೆದ ಸಿಎಫ್‌ಎಸ್ ಅನ್ನೋ ಶೆಡ್ಯೂಲರ್ ಲಿನಕ್ಸ್‌ಗೆ ಸೇರಿತು. ಪ್ರೊಸೆಸರ್ ಸಮಯವನ್ನು ಎಲ್ಲ ಪ್ರೋಗ್ರಾಂಗಳಿಗೂ ನ್ಯಾಯವಾಗಿ ಹಂಚೋ ವಿಚಾರದಲ್ಲಿ ಕೊಲಿವಾಸ್ ಕೆಲಸದಿಂದ ಪ್ರೇರಣೆ ಸಿಕ್ಕಿತು ಅಂತ ಮೋಲ್ನಾರ್ ಅವರೇ ಒಪ್ಪಿಕೊಂಡರು. ಆದರೆ ಕೊಲಿವಾಸ್ ಬರೆದ ಕೋಡ್ ಒಳಗೆ ಹೋಗಲಿಲ್ಲ. ಬೇಸರದಿಂದ ಅವರು ಕರ್ನಲ್ ಕೆಲಸ ಬಿಟ್ಟರು, 2009ರಲ್ಲಿ ಇನ್ನೊಂದು ಶೆಡ್ಯೂಲರ್ ಹಿಡಿದುಕೊಂಡು ವಾಪಸ್ ಬಂದರು. ಬಿಡೋ ಸ್ವಾತಂತ್ರ್ಯ, ಮತ್ತೆ ಬರೋ ಸ್ವಾತಂತ್ರ್ಯ ಎರಡೂ ಇತ್ತು, ಯಾಕಂದ್ರೆ ಮನೆ ನಡೀತಿದ್ದದ್ದು ಆಸ್ಪತ್ರೆ ಕೆಲಸದಿಂದ. "ನಿನ್ನ ಹಾಬಿಯನ್ನೇ ಸ್ಟಾರ್ಟಪ್ ಮಾಡು" ಅಂತ ದಿನಾ ಉಪದೇಶ ಕೇಳೋ ನಾವು ಇದನ್ನೂ ಯೋಚಿಸಬೇಕು.

ಈಗ ಆಕ್ಷೇಪಣೆಗಳು. ಕೆಲಸ ಹೇಳಿದ ಕೂಡಲೇ ಗುಂಪಲ್ಲಿ ಮೇಲು-ಕೀಳು ಶುರುವಾಗಲ್ವಾ? ಆಗುತ್ತೆ. ಯಾವ ಬ್ರಾಂಚು, ಎಷ್ಟು ಸಿಜಿಪಿಎ, ಎಷ್ಟು ಎಲ್‌ಪಿಎ ಅಂತ ಮನುಷ್ಯರನ್ನು ಅಳೆಯೋ ಚಟ ನಮಗೆ ಇದ್ದೇ ಇದೆ. ಅದಕ್ಕೆ ಹ್ಯಾಮ್ ರೇಡಿಯೋದವರ ಕ್ರಮ ನೋಡಬೇಕು. ಅಲ್ಲಿ ಮೊದಲು ಕಾಲ್ ಸೈನ್, ಆಮೇಲೆ ಸಿಗ್ನಲ್ ಎಷ್ಟು ಚೆನ್ನಾಗಿ ಕೇಳಿಸ್ತಿದೆ ಅನ್ನೋ ವರದಿ, ಹೆಸರು, ಊರು, ರೇಡಿಯೋ ಸೆಟ್ಟು, ಆಂಟೆನಾ. ಹೊಟ್ಟೆಪಾಡಿನ ಮಾತು ಬಂದರೆ ಅದೆಲ್ಲ ಆದ ಮೇಲೆ. ಜೋರ್ಡನ್ ದೊರೆ ಹುಸೇನ್ ಏರ್‌ನಲ್ಲಿ ಬರೀ ಜೆವೈ1 ಆಗಿದ್ದರು. ನಮ್ಮ ರಾಜೀವ್ ಗಾಂಧಿಯವರದ್ದು ವಿಯು2ಆರ್‌ಜಿ. ಹೆಸರಿನ ಮುಂದೆ ಪದವಿ ಇಲ್ಲ, ಹಿಂದೆ ಸಂಬಳ ಇಲ್ಲ. ಜೊತೆಗೆ ಹ್ಯಾಮ್ ಪರವಾನಗಿಯಲ್ಲಿ ವ್ಯಾಪಾರದ ಮಾತಿಗೆ ಅವಕಾಶವೂ ಇಲ್ಲ. ನಾವು ಕಲಿಯಬೇಕಾದ್ದು ಈ ಕ್ರಮ. ಮೊದಲು ಮನುಷ್ಯ ಏನನ್ನು ಪ್ರೀತಿಸ್ತಾನೆ ಅಂತ ಗೊತ್ತಾಗಲಿ, ಆಮೇಲೆ ಯಾವುದರಿಂದ ಬದುಕ್ತಾನೆ ಅಂತ. ಈ ಕ್ರಮದಲ್ಲಿ ಪರಿಚಯ ಆದರೆ, ಚೆಸ್‌ನಲ್ಲಿ ನಮ್ಮನ್ನು ಸೋಲಿಸಿದವರು ಮೀಟರ್ ರೀಡರ್ ಅಂತ ಗೊತ್ತಾದಾಗ ಅವರ ಬಗ್ಗೆ ಗೌರವ ಕಮ್ಮಿ ಆಗಲ್ಲ, ಮೀಟರ್ ರೀಡರ್ ಕೆಲಸದ ಬಗ್ಗೆ ಗೌರವ ಜಾಸ್ತಿ ಆಗುತ್ತೆ.

ಇನ್ನೊಂದು ಆಕ್ಷೇಪಣೆ: ಡಾಕ್ಟರ್ ಅಂತ ಗೊತ್ತಾದರೆ ಚಾರಣದ ಮಧ್ಯೆಯೂ ಎಲ್ಲರೂ ಮಂಡಿನೋವು ಹೇಳ್ತಾರೆ, ಸಾಫ್ಟ್‌ವೇರ್ ಅಂದರೆ ರೆಫರಲ್ ಕೇಳ್ತಾರೆ. ನಿಜ. ಕೆಲಸ ಕಳೆದುಕೊಂಡವರಿಗೆ ಆ ಪ್ರಶ್ನೆಯೇ ಚುಚ್ಚಬಹುದು. ಹಾಗಾಗಿ ಉತ್ತರ ಕೊಡಲ್ಲ ಅನ್ನೋ ಹಕ್ಕು ಎಲ್ಲರಿಗೂ ಇರಲಿ, ಹವ್ಯಾಸದ ಜಾಗದಲ್ಲಿ ರೆಫರಲ್ ಕೇಳಬಾರದು ಅನ್ನೋ ಶಿಸ್ತು ನಮಗಿರಲಿ.

ಕೇಳೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಹವ್ಯಾಸಕ್ಕೆ ಆಸೆ ಒಂದೇ ಸಾಲದು, ಬಿಡುವು ಬೇಕು. ರಾಮನ್‌ಗೆ ಹೊತ್ತಿಗೆ ಸರಿಯಾಗಿ ಮುಗಿಯೋ ಆಫೀಸ್ ಇತ್ತು, ಒಳ್ಳೇ ಸಂಬಳ ಇತ್ತು, ಮನೆ ನಡೆಸೋಕೆ ಲೋಕಸುಂದರಿ ಇದ್ದರು. ರಾತ್ರಿ ಪಾಳಿ ಮಾಡೋರಿಗೆ, ಆರ್ಡರ್ ಲೆಕ್ಕದಲ್ಲಿ ಬೈಕ್ ಓಡಿಸೋರಿಗೆ, ಆಫೀಸಿಂದ ಬಂದು ಅಡುಗೆಮನೆಗೆ ಹೋಗೋ ಅಮ್ಮಂದಿರಿಗೆ ಆ ಸಂಜೆ ಎಲ್ಲಿದೆ? ಯಾರು ಏನು ಕೆಲಸ ಮಾಡ್ತಾರೆ ಅಂತ ಕೇಳಿದಾಗಲೇ ಕ್ಲಬ್ಬಿಗೆ ಯಾರು ಬರ್ತಿಲ್ಲ, ಯಾಕೆ ಬರ್ತಿಲ್ಲ ಅನ್ನೋದೂ ಕಾಣುತ್ತೆ. ಆಫರ್ ಲೆಟರ್ ನೋಡುವಾಗ ಮೊತ್ತದ ಜೊತೆ ಕೆಲಸದ ವೇಳೆಯನ್ನೂ ಓದಬೇಕು ಅನ್ನೋ ಬುದ್ಧಿ ನಮಗೂ ಬರುತ್ತೆ. ಕಂಪನಿಯವರ ಪ್ರೀ-ಪ್ಲೇಸ್‌ಮೆಂಟ್ ಭಾಷಣದಲ್ಲಿ ಇದನ್ನು ಯಾರೂ ಹೇಳಲ್ಲ.

ನಮ್ಮ ಸಲಹೆ ಸಣ್ಣದು, ಖರ್ಚಿಲ್ಲದ್ದು. ಇನ್ಮೇಲೆ ಯಾವ ಕ್ಲಬ್ ಯಾರನ್ನೇ ಕರೆಸಲಿ, ಕೊನೇ ಹತ್ತು ನಿಮಿಷ ಮೂರು ಪ್ರಶ್ನೆಗೆ ಇಡಲಿ. ಹೊಟ್ಟೆಪಾಡಿಗೆ ಏನು ಮಾಡ್ತೀರಿ? ಇದಕ್ಕೆ ಸಮಯ ಎಲ್ಲಿಂದ ತರ್ತೀರಿ? ಇದಕ್ಕೋಸ್ಕರ ಏನು ಬಿಟ್ಟಿರಿ? ನಮ್ಮ ಕನ್ನಡ ಸಂಘದಿಂದಲೇ ಶುರು ಮಾಡೋಣ. ಹಿಂದೆ ರಾಜ್ಯೋತ್ಸವದ ನಾಟಕ ಮಾಡಿ, ಈಗ ಕೆಲಸದಲ್ಲಿದ್ದುಕೊಂಡೂ ಬಣ್ಣ ಹಚ್ಚೋ ಹಳೇ ವಿದ್ಯಾರ್ಥಿಗಳು ಇದ್ದರೆ ಈ ನವೆಂಬರ್‌ಗೆ ಕರೆಸೋಣ. ಬಿಟ್ಟವರನ್ನೂ ಕರೆಸೋಣ, ಯಾಕೆ ಬಿಟ್ಟರು ಅನ್ನೋದೂ ನಮಗೆ ಬೇಕು. ಕೇಳಿ ಆದ ಮೇಲೆ ಐದನೇ ಸೆಮ್‌ನಲ್ಲಿ ಕ್ಲಬ್ ಬಿಡಬೇಕೋ ಬೇಡವೋ ಅಂತ ಅವರವರೇ ತೀರ್ಮಾನ ಮಾಡಲಿ.